ಎಡಗೈ ಮಡಿಕೆ

ಸತ್ತವರ ಸಾಮಾನು ಸಾಗಿಸುವುದರಲ್ಲಿ ನೆಂಟರಿಗಿರುವ ಚುರುಕು ಬೇರೆ ಯಾವ ಕೆಲಸದಲ್ಲೂ ಕಾಣುವುದಿಲ್ಲ. ಅಂಗಿಗಳು ಮೈದುನನ ಪಾಲಾದವು. ಸ್ಕೂಟರು ಸೋದರಮಾವನ ಮಗನ ಮನೆ ಸೇರಿತು. ಕೈಗಡಿಯಾರವನ್ನು ದೊಡ್ಡಪ್ಪ, "ನೆನಪಿಗೆ ಇರ್ಲಿ" ಎಂದು ಮಣಿಕಟ್ಟಿಗೆ ಬಿಗಿದುಕೊಂಡೇ ಮೇಲೆದ್ದರು. ಯಾರಿಗೂ ಬೇಡವಾಗಿ ಉಳಿದದ್ದು, ಮಲಗುವ ಕೋಣೆಯ ಬೀರುವಿನ ಮೇಲೆ ನಿಂತಿದ್ದ ರಾಕೆಟ್ಟು.

ತೋಳುದ್ದದ ರಾಕೆಟ್ಟು. ರಟ್ಟಿನ ಕೊಳವೆಗೆ ಬಿಳಿ ಬಣ್ಣ, ಮೂತಿಗೆ ಕಿತ್ತಳೆ. ಬುಡದ ಮೂರು ರೆಕ್ಕೆಗಳಲ್ಲಿ ಎರಡು ಕೆಂಪು, ಒಂದು ನೀಲಿ. ಮಕ್ಕಳು ಬಳಿಯುತ್ತಿರುವಾಗಲೇ ಕೆಂಪು ಡಬ್ಬಿ ಬರಿದಾಗಿತ್ತು. ಸತ್ತವನು ಅವಳ ಗಂಡ, ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಶನಿವಾರ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಇಂಥವನ್ನು ಮಾಡಿ ಮೈದಾನದಲ್ಲಿ ಹಾರಿಸುತ್ತಿದ್ದ. ಅವೆಲ್ಲದರಲ್ಲಿ ಇದೇ ದೊಡ್ಡದು. ಮಳೆಗಾಲಕ್ಕೆ ಮುಂಚಿನ ಒಂದು ಶನಿವಾರ ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ಅದರ ಪ್ಯಾರಾಚೂಟನ್ನು ಮಡಿಸಿ ಕೊಳವೆಯೊಳಗೆ ಇಳಿಸಿದ. ಹೊರಡುವ ತನಕ ಯಾರ ಕೈಗೂ ಸಿಗದಿರಲಿ ಎಂದು ಬೀರುವಿನ ಮೇಲೆ ನಿಲ್ಲಿಸಿದ. ಆಮೇಲೆ ಗಡ್ಡ ಕೆರೆದುಕೊಳ್ಳಲು ಕನ್ನಡಿಯ ಮುಂದೆ ಹೋದ. ಒಂದು ಕೆನ್ನೆ ಮುಗಿದಿತ್ತು. ತಲೆಯೊಳಗೆ ನರ ಒಡೆದಿದೆ ಎಂದರು ಡಾಕ್ಟರು.

ಅವಳಿಗೆ ಅಳು ಬರಲಿಲ್ಲ. "ಬರುತ್ತೆ ಬಿಡು, ಒಂದಿನ ಕಟ್ಟೆ ಒಡೆಯುತ್ತೆ" ಎಂದು ನೆಂಟರು ಧೈರ್ಯ ಹೇಳಿದರು. ಮಳೆಗಾಲ ಮುಗಿಯಿತು, ಚಳಿ ಹಿಡಿಯಿತು. ಕಟ್ಟೆಯೂ ಕಾಣಲಿಲ್ಲ, ನೀರೂ ಕಾಣಲಿಲ್ಲ. ಬೆಳಗ್ಗೆ ಏಳುವುದು, ತಟ್ಟೆ ತೊಳೆಯುವುದು, ಕಿಟಕಿಯ ಪಕ್ಕ ಕೂರುವುದು. ಅವಳೂ ಅವನೂ ಒಂದೇ ತರಗತಿಯಲ್ಲಿ ಭೌತವಿಜ್ಞಾನ ಓದಿದವರು. ರಾಕೆಟ್ಟು ಎಷ್ಟು ಎತ್ತರ ಏರುತ್ತದೆ, ಗಾಳಿಗೆ ಎಷ್ಟು ದೂರ ಸರಿಯುತ್ತದೆ ಎಂದು ಮನೆಯಲ್ಲೇ ಕೂತು ಲೆಕ್ಕ ಹಾಕಿಕೊಡುತ್ತಿದ್ದಳು. "ಲೆಕ್ಕ ನಿಂದು, ಕೈ ನಂದು" ಎನ್ನುತ್ತಿದ್ದ ಅವನು. ಈಗ ಲೆಕ್ಕ ಕೇಳುವವರು ಯಾರೂ ಇರಲಿಲ್ಲ.

ಅತ್ತೆಯ ದುಃಖ ಬೇರೆ ತರದ್ದು. ಅವರು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದವರು. ಮಗ ಹೋದಮೇಲೆ ಯಂತ್ರಕ್ಕೆ ಮುಸುಕು ಹಾಕಿ ಕೈಗೆ ಒರೆಸುವ ಬಟ್ಟೆ ತೆಗೆದುಕೊಂಡರು. ಒರೆಸಿದ್ದನ್ನೇ ಒರೆಸಿದರು. ಕಿಟಕಿಯ ಸರಳು, ಬಾಗಿಲ ಚಿಲಕ, ಗಡಿಯಾರದ ಗಾಜು, ಸ್ವಿಚ್ಚುಗಳ ಸಂದು. ಅವರ ಕೈ ತಾಗದೆ ಉಳಿದದ್ದು ಬೀರುವಿನ ತಲೆ ಮಾತ್ರ. ಸ್ಟೂಲು ಹತ್ತಲು ಮಂಡಿ ಬಿಡುತ್ತಿರಲಿಲ್ಲ.

"ಅಲ್ಲಿ ಧೂಳು ಕೂತು ಕೂತು ಗಿಡ ಹುಟ್ಟುತ್ತೆ ನೋಡ್ತಿರು," ಎಂದು ದಿನವೂ ಅನ್ನುವರು.

"ಹುಟ್ಲಿ ಬಿಡಿ ಅತ್ತೆ."

"ನೀನಂತೂ ಕೈಯಾಡ್ಸಲ್ಲ. ನನ್ನನ್ನೂ ಹತ್ತಕ್ಕೆ ಬಿಡಲ್ಲ."

ಬಿಡುತ್ತಿರಲಿಲ್ಲ, ನಿಜ. ಅವರು ಹೊರಗೆ ಹೋದಾಗ ಅವಳೇ ಸ್ಟೂಲು ಹತ್ತಿ ರಾಕೆಟ್ಟಿನ ಮೂತಿಯನ್ನು ಒಂದಿಷ್ಟೇ ಎತ್ತುತ್ತಿದ್ದಳು. ಒಳಗಿನಿಂದ ಟಾಲ್ಕಂ ಪೌಡರಿನ ವಾಸನೆ ಬರುತ್ತಿತ್ತು. ಪ್ಲಾಸ್ಟಿಕ್ ಹಾಳೆ ಒಂದಕ್ಕೊಂದು ಅಂಟಬಾರದೆಂದು ಮಡಿಸುವ ಮುಂಚೆ ಅವನು ಪೌಡರು ಉದುರಿಸುತ್ತಿದ್ದ. ಬೇಗ ಮುಚ್ಚಿಬಿಡುತ್ತಿದ್ದಳು, ವಾಸನೆ ಖರ್ಚಾದೀತು ಎಂದು.

ಹೀಗಿರುವಾಗ ಶಾಲೆಯಿಂದ ಕರೆ ಬಂತು, ಹೋದಳು.

ದೊಡ್ಡ ಮೇಡಂ ಎಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ. ಕೆಟ್ಟವರಲ್ಲ, ಆದರೆ ಮಾತನ್ನು ಸುತ್ತಿಬಳಸಿ ಹೇಳುವ ವ್ಯವಧಾನ ಇಲ್ಲದವರು.

"ನೋಡಿಮ್ಮ, ಮೆಟ್ಟಿಲ ಕೆಳಗಿನ ಆ ಕೋಣೆ ಇದೆಯಲ್ಲ, ರಾಕೆಟ್ ಕೋಣೆ. ಪಿ.ಟಿ. ಮೇಷ್ಟ್ರು ಚಾಪೆ ಇಡೋದಕ್ಕೆ ಕೇಳ್ತಿದಾರೆ. ಕೊಡ್ತೀನಿ ಅಂದ್ರೆ ಈ ಮಕ್ಕಳು ಬಾಗಿಲಿಗೇ ಅಡ್ಡ ಕೂತ್ಕೋತಾರೆ. ನನ್ನ ಪ್ರಾಣ ಹಿಂಡ್ತಿದಾರೆ."

ಮೇಡಂ ಕುರ್ಚಿಯನ್ನು ಅವಳತ್ತ ಎಳೆದುಕೊಂಡರು.

"ಸರ್ ಜೊತೆ ಮಾಡಿದ್ದು ಒಂದು ನಿಮ್ಮ ಮನೇಲಿದೆಯಂತೆ. ಪೋಷಕರ ದಿನ ಅದನ್ನ ಹಾರಿಸಿ. ನೆಟ್ಟಗೆ ಹೋಗ್ಲಿ, ಮೆತ್ತಗೆ ಇಳೀಲಿ. ಅಷ್ಟಾದ್ರೆ ಕೋಣೆ ಮಕ್ಕಳಿಗೇ, ಶನಿವಾರದ ಕ್ಲಬ್ ನೀವೇ ನಡೆಸಿ. ಓದಿದೀರ, ಮನೇಲಿ ಗೋಡೆ ನೋಡ್ಕೊಂಡು ಕೂತಿದೀರ. ಏನಾದ್ರೂ ಎಡವಟ್ಟಾಯ್ತೋ, ಕೋಣೆ ಚಾಪೆಗೆ. ಆಮೇಲೆ ನನ್ನ ಕೇಳಬೇಡಿ."

ಮೇಡಂ ಕೋಣೆಯ ಬಾಗಿಲ ಹೊರಗೆ ಮೂವರು ಮಕ್ಕಳು ನಿಂತಿದ್ದರು. ಮೂವರಿಗೂ ಅವಳ ಗಂಡನೇ ಹೆಸರಿಟ್ಟಿದ್ದ. ರೆಕ್ಕೆ ಅಂಟಿಸುವುದರಲ್ಲಿ ನಿಪುಣನಾದ ಹುಡುಗ ಗೋಂದು. ಬಾಯಿ ಮುಚ್ಚಲಾರದವನು ರೇಡಿಯೋ. ಎರಡು ಜಡೆಯ, ಹುಬ್ಬು ಗಂಟಿಕ್ಕಿದ ಹುಡುಗಿ ಇನ್‌ಸ್ಪೆಕ್ಟರು. ಯಾವ ರಾಕೆಟ್ಟೂ ಅವಳ ಕಣ್ಣು ತಪ್ಪಿಸಿ ಮೇಲೇರುವಂತಿರಲಿಲ್ಲ. ಒಂದೊಂದನ್ನೂ ಮುಟ್ಟಿ, ಅಲುಗಿಸಿ, ಮೂತಿ ತೆಗೆದು ಒಳಗೆ ಇಣುಕಿ, ಎಲ್ಲ ಸರಿ ಇದ್ದರೆ ರೆಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ಸರಿ ಗುರುತು ಹಾಕುವಳು. ಅದು ಬೀಳದೆ ವಿಜ್ಞಾನದ ಮೇಷ್ಟ್ರೂ ಸ್ವಿಚ್ಚು ಒತ್ತುತ್ತಿರಲಿಲ್ಲ.

"ಮಿಸ್, ಹಾರಿಸ್ತೀರಾ?" ರೇಡಿಯೋ ಕೇಳಿದ. "ನಾನು ನಮ್ಮಪ್ಪಂಗೆ ಆಗ್ಲೇ ಹೇಳ್ಬಿಟ್ಟೆ, ಹಾರಿಸ್ತಾರೆ ಅಂತ. ನೀವು ಇಲ್ಲ ಅಂದ್ರೆ ನನ್ನ ಮರ್ಯಾದೆ ಹೋಗುತ್ತೆ."

"ನಿನಗೆ ಎಲ್ಲಿತ್ತೋ ಮರ್ಯಾದೆ," ಎಂದ ಗೋಂದು.

ಇನ್‌ಸ್ಪೆಕ್ಟರು ಮಾತ್ರ ನಗಲಿಲ್ಲ. "ಮಿಸ್, ಅದರಲ್ಲಿ ಪ್ಯಾರಾಚೂಟ್ ಇನ್ನೂ ಒಳಗೇ ಇದೆಯಾ?"

"ಇದೆ."

"ಹಂಗಾದ್ರೆ ಬಿಚ್ಚಿ ಮತ್ತೆ ಮಡಿಸಬೇಕು. ಅವತ್ತಿಂದು ಅವತ್ತೇ ಮಡಿಸಬೇಕು. ಹಳೇ ಮಡಿಕೆ ಬಿಚ್ಚಲ್ಲ."

ಅವಳಿಗೆ ಗೊತ್ತಿಲ್ಲದ್ದಲ್ಲ. ಇದು ಗಂಡನ ಮೊದಲನೆಯ ಕಟ್ಟಳೆ. ಪ್ಲಾಸ್ಟಿಕ್ಕು ಬಹಳ ಕಾಲ ಮಡಿಸಿದಂತೆ ಇದ್ದರೆ ಮಡಿಕೆಗೇ ಒಗ್ಗಿಹೋಗುತ್ತದೆ, ಚಳಿಯಲ್ಲಂತೂ ಸೆಟೆದುಕೊಳ್ಳುತ್ತದೆ. ಗಾಳಿ ಜೋರಾಗಿ ಉಡಾವಣೆ ನಿಂತ ದಿನ ಮಕ್ಕಳು ಎಷ್ಟು ಗೊಣಗಿದರೂ ಎಲ್ಲ ಪ್ಯಾರಾಚೂಟುಗಳನ್ನೂ ಬಿಚ್ಚಿಸಿಯೇ ಮನೆಗೆ ಕಳಿಸುತ್ತಿದ್ದ. ಊಟಕ್ಕೆ ಕೂತಾಗ ಇಂಥವನ್ನೆಲ್ಲ ಅವಳಿಗೆ ವರದಿ ಮಾಡುತ್ತಿದ್ದ.

ಇನ್ನೊಂದು ಕಟ್ಟಳೆಯೂ ಇತ್ತು. ರಾಕೆಟ್ಟು ಬಿದ್ದು ಮುರಿದರೆ ಅದರ ಸುತ್ತ ಕೂತು ಒಬ್ಬೊಬ್ಬರೂ ತಮ್ಮ ತಪ್ಪು ಹೇಳಬೇಕು. ಪಕ್ಕದವರ ತಪ್ಪು ಹೇಳುವಂತಿಲ್ಲ. ಕೊನೆಗೆ ಅವನು ತನ್ನದನ್ನು ಹೇಳುತ್ತಿದ್ದ. ಮನೆಯಲ್ಲಿ ಹಾಲು ಉಕ್ಕಿದರೂ ಅದೇ ಪಂಚಾಯಿತಿ. "ಹೇಳಿ, ಒಬ್ಬೊಬ್ಬರಾಗಿ ಹೇಳಿ, ಯಾರಿಂದ ಏನು ತಪ್ಪಾಯ್ತು?" ಎಂದು ಸೌಟು ಹಿಡಿದು ನಿಲ್ಲುವನು. "ನಿನ್ನ ಹೆತ್ತದ್ದೇ ನನ್ನ ತಪ್ಪು, ಸರಿಯಪ್ಪ, ಒಲೆ ಒರೆಸು," ಎನ್ನುವರು ಅತ್ತೆ. ಮೂವರೂ ನಗುವರು.

ಪೋಷಕರ ದಿನ ನಸುಕಿನಲ್ಲೇ ಅವಳು ರಾಕೆಟ್ಟನ್ನು ಕೆಳಗಿಳಿಸಿದಳು. ಬೀರುವಿನ ತಲೆಯ ಮೇಲೆ ಧೂಳು ಕಂಬಳಿಯಂತೆ ಹಾಸಿತ್ತು. ನಡುವೆ, ರಾಕೆಟ್ಟು ನಿಂತಿದ್ದಲ್ಲಿ, ಶುಭ್ರವಾದ ಪುಟ್ಟ ಬಿಲ್ಲೆ, ಸುತ್ತ ಮೂರು ಗೀಟು. ಅಡುಗೆಮನೆಯ ಮೇಜಿನ ಮೇಲೆ ಹೊಸ ಪೌಡರಿನ ಡಬ್ಬಿ, ಕತ್ತರಿ, ದಾರದ ಉಂಡೆ ಜೋಡಿಸಿಟ್ಟುಕೊಂಡಳು. ದಾರ ಅತ್ತೆಯದೇ. ಪ್ಯಾರಾಚೂಟಿನ ಎಳೆಗಳಿಗೆಲ್ಲ ಅವರ ಹೊಲಿಗೆ ದಾರವೇ ಆಗುತ್ತಿತ್ತು.

ಮೂತಿ ತೆಗೆದಳು. ಕೊಳವೆಯ ಬಾಯಲ್ಲಿ ಪ್ಯಾರಾಚೂಟಿನ ಸುರುಳಿ ಕಾಣಿಸಿತು, ಬೆರಳ ತುದಿಯಷ್ಟು. ಅದರ ಮೇಲೆ ದಾರ ಎಡಕ್ಕೆ ಸುತ್ತಿತ್ತು. ಅವನು ಎಡಚ. ಅವನ ಬಳಿ ಕಲಿತ ಮಕ್ಕಳೆಲ್ಲ ಬಲಗೈಯವರು, ಅವರ ದಾರಗಳೆಲ್ಲ ಬಲಕ್ಕೆ ಸುತ್ತುತ್ತಿದ್ದವು. "ನಂದೊಂದು ಉಲ್ಟಾ ಸಂಸಾರ" ಎಂದು ಅವರೆದುರು ಹಾಸ್ಯ ಮಾಡುತ್ತಿದ್ದನಂತೆ.

ಎರಡು ಬೆರಳು ಒಳಗೆ ಹಾಕಿದಳು. ಸುರುಳಿಯ ಅಂಚು ತಾಗಿತು. ತಣ್ಣಗಿತ್ತು. ಬೆರಳು ಹೊರಗೆಳೆದಳು.

ಅಂಗಿಗಳನ್ನು ಕೊಡುವಾಗ ಏನೂ ಅನ್ನಿಸಿರಲಿಲ್ಲ. ಅವು ಇಸ್ತ್ರಿಯವನು ಮಡಿಸಿದ್ದು. ಹಾಸಿಗೆಯ ಅವನ ಮಗ್ಗುಲನ್ನು ಅತ್ತೆ ಮೊದಲ ವಾರವೇ ಕೊಡವಿ ಹಾಸಿದ್ದರು. ಅವನು ಮಾಡಿ, ಮಾಡಿದ ಹಾಗೆಯೇ ಉಳಿದದ್ದು ಈ ಮನೆಯಲ್ಲಿ ಇದೊಂದೇ. ಇದನ್ನು ಬೀರುವಿನ ಮೇಲೆ ಹಾಗೆಯೇ ಇಟ್ಟುಕೊಂಡಿರಬಹುದಿತ್ತು. ಆದರೆ ಬಣ್ಣ ಬಳಿದ ಮಕ್ಕಳು ಕೇಳುತ್ತಿದ್ದಾರೆ, ಕೇಳುವ ಹಕ್ಕೂ ಇದೆ. ಹೋಗಲಿ, ಹಾರಲಿ. ಅವನು ಮಡಿಸಿದ್ದು ಆಕಾಶದಲ್ಲಿ ಬಿಚ್ಚಿಕೊಳ್ಳಲೆಂದು. ಮೇಲೆ ಹೋಗಿ ಅಲ್ಲೇ ಬಿಚ್ಚಿಕೊಳ್ಳಲಿ. ಟ್ಯೂಬ್‌ಲೈಟಿನ ಕೆಳಗೆ, ಒಲೆಯ ಪಕ್ಕ, ತನ್ನ ಬೆರಳುಗಳಿಂದ ಬೇಡ. ಅವನು ಶುರು ಮಾಡಿದ್ದು ಒಂದಾದರೂ ಪೂರ್ತಿಯಾಗಲಿ.

ಲೆಕ್ಕದ ಬುದ್ಧಿ ಮೂಲೆಯಲ್ಲಿ ಕೂತು ಹೇಳುತ್ತಲೇ ಇತ್ತು: ಎಷ್ಟು ತಿಂಗಳಾಯಿತು, ಎಷ್ಟು ಚಳಿ, ಬಿಚ್ಚುವುದಿಲ್ಲ. ಅವಳಿಗೆ ಕೇಳಿಸಿತು. ಕೇಳಿಸಿಯೂ ಮೂತಿ ಮುಚ್ಚಿದಳು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಆಯ್ತಾ ಮಡಿಸಿ?"

"ಆಯ್ತು."

"ಇಷ್ಟು ಬೇಗ? ಅವನಿಗೆ ಹೊತ್ತು ಹಿಡೀತಿತ್ತಪ್ಪ."

ಅವಳು ಪೌಡರಿನ ಡಬ್ಬಿಯನ್ನು ಒಳಗಿಟ್ಟಳು. ಸೀಲು ಒಡೆದಿರಲಿಲ್ಲ.

ಹೊತ್ತೇರಿದಾಗ ಬಿಸಿಲಿತ್ತು, ಗಾಳಿ ತಣ್ಣಗೆ ಕೊರೆಯುತ್ತಿತ್ತು. ಮೈದಾನದ ಒಂದು ಬದಿ ಪೋಷಕರು, ಇನ್ನೊಂದು ಬದಿ ಗೋಡೆಯ ನೆರಳಿನಲ್ಲಿ ಚಿಕ್ಕ ತರಗತಿಯ ಮಕ್ಕಳು. ನಡುವೆ ಮುಕ್ಕಾಲಿಯ ಮೇಲೆ ಉದ್ದನೆಯ ಕಂಬಿ. ಅದನ್ನು ರಾಕೆಟ್ ಕೋಣೆಯಿಂದ ತೆಗೆಯಲೆಂದು ದೊಡ್ಡ ಮೇಡಂ ಬೀಗದ ಕೈಯನ್ನು ಅವಳಿಗೆ ಕೊಟ್ಟಿದ್ದರು. ಪಿ.ಟಿ. ಮೇಷ್ಟ್ರು ಸೀಟಿ ಕಚ್ಚಿಕೊಂಡು ಜನರನ್ನು ಹಿಂದೆ ಸರಿಸುತ್ತಿದ್ದರು.

"ಏನ್ ಮೇಡಂ, ಇದು ಹಾರಿದ್ರೆ ನನ್ನ ಚಾಪೆಗಳಿಗೆ ಗತಿ ಇಲ್ಲ. ಹಾರದಿದ್ರೆ ಈ ಇನ್‌ಸ್ಪೆಕ್ಟರ್ ನನ್ನ ಬದುಕಕ್ಕೆ ಬಿಡಲ್ಲ. ಹಾರ್ಲಿ ಬಿಡಿ, ಚಾಪೆ ನಮ್ಮನೇಲಿಟ್ಕೋತೀನಿ," ಎಂದು ನಕ್ಕರು. ಒಳ್ಳೆಯ ಮನುಷ್ಯ.

ಗೋಂದು ಬುಡದಲ್ಲಿ ಮೋಟರು ಕೂರಿಸಿದ; ಮೋಂಬತ್ತಿಯ ತುಂಡಿನಷ್ಟು ದಪ್ಪದ, ಮದ್ದು ತುಂಬಿದ ರಟ್ಟಿನ ಕೊಳವೆ. ಅದು ಮೊದಲು ರಾಕೆಟ್ಟನ್ನು ಮೇಲೆ ನೂಕುತ್ತದೆ, ಮೇಲೆ ಹೋದಮೇಲೆ ಒಳಗೇ ಒಂದು ಸಣ್ಣ ಸಿಡಿತದಿಂದ ಮೂತಿಯನ್ನೂ ಪ್ಯಾರಾಚೂಟನ್ನೂ ಹೊರಗೆ ಎಸೆಯುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಆಮೇಲಿನದು ಮಡಿಸಿದವರ ಕೈಲಿ.

ಇನ್‌ಸ್ಪೆಕ್ಟರು ಬಂದಳು. ರೆಕ್ಕೆಗಳನ್ನು ಒಂದೊಂದಾಗಿ ಅಲುಗಿಸಿದಳು. ಮೋಟರನ್ನು ಉಗುರಿನಿಂದ ಒತ್ತಿ ನೋಡಿದಳು. ಮೂತಿಗೆ ಕೈ ಹಾಕಿದಳು. ಪಕ್ಕದಲ್ಲಿದ್ದ ಅವಳು ಹುಡುಗಿಯ ಕೈಯ ಮೇಲೆ ತನ್ನ ಕೈ ಇಟ್ಟಳು.

"ಬೇಡ ಪುಟ್ಟಿ. ಬೆಳಗ್ಗೆ ತಾನೇ ಮಡಿಸಿ ಇಟ್ಟಿದೀನಿ. ಮತ್ತೆ ಮತ್ತೆ ತೆಗೆದ್ರೆ ಮೂತಿ ಸಡಿಲ ಆಗುತ್ತೆ."

"ಬಿಚ್ಚಿ, ಮತ್ತೆ ಮಡಿಸಿದ್ರಾ?"

"ಹೂಂ."

"ಪೌಡರು?"

"ಹಾಕಿದೆ."

ಹುಡುಗಿ ಅವಳ ಮುಖ ನೋಡಿದಳು. ಅನುಮಾನದಿಂದಲ್ಲ. ನಿಯಮ ಮುರಿಯಲು ದೊಡ್ಡವರ ಅಪ್ಪಣೆ ಸಿಕ್ಕಾಗ ಮಕ್ಕಳು ನೋಡುವ ರೀತಿಯಲ್ಲಿ. ಜೇಬಿನಿಂದ ಸೀಮೆಸುಣ್ಣ ತೆಗೆದು ನೀಲಿ ರೆಕ್ಕೆಯ ಮೇಲೆ ಸರಿ ಗುರುತು ಹಾಕಿದಳು.

ಹಿಮ್ಮುಖ ಎಣಿಕೆಯಲ್ಲಿ ಒಂದೊಂದು ಅಂಕಿ ಒಬ್ಬೊಬ್ಬರದು. ಅದೂ ಅವನೇ ಹಂಚಿದ್ದು. ಐದು ರೇಡಿಯೋನದು, ಎರಡು ಗೋಂದಿನದು, ಒಂದು ಇನ್‌ಸ್ಪೆಕ್ಟರದು. ಸೊನ್ನೆ ಅವನದು, ಸೊನ್ನೆ ಎನ್ನುತ್ತಲೇ ಸ್ವಿಚ್ಚು ಒತ್ತುತ್ತಿದ್ದ. ಮಕ್ಕಳು ಗಂಟಲು ಹರಿಯುವಂತೆ ಕೂಗುತ್ತ ಬಂದರು. ಹುಡುಗಿ ತನ್ನ "ಒಂದು" ಹೇಳಿದಳು. ಆಮೇಲೆ ಮೈದಾನ ಗಪ್‌ಚುಪ್ಪಾಯಿತು. ಎಲ್ಲರೂ ಅವಳತ್ತ ತಿರುಗಿದರು. ಅವಳ ಬಾಯಿಂದ ಸೊನ್ನೆ ಹೊರಡಲಿಲ್ಲ. ಸುಮ್ಮನೆ ಸ್ವಿಚ್ಚು ಒತ್ತಿದಳು.

ಬುಸ್ ಎಂದು ಹೊಗೆ ಕಾರಿ ರಾಕೆಟ್ಟು ಕಂಬಿ ಬಿಟ್ಟಿತು. ಕಣ್ಣೆವೆ ಇಕ್ಕುವುದರೊಳಗೆ ಕಡ್ಡಿಯಾಯಿತು, ಚುಕ್ಕೆಯಾಯಿತು. ಎಷ್ಟು ನೆಟ್ಟಗೆ ಹೋಯಿತೆಂದರೆ ಪೋಷಕರು ಚಪ್ಪಾಳೆ ತಟ್ಟುವುದನ್ನೂ ಮರೆತರು. ದೊಡ್ಡ ಮೇಡಂ ಹಣೆಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. "ನೋಡಪ್ಪಾ, ನೋಡು ನೋಡು!" ಎಂದು ರೇಡಿಯೋ ಅಪ್ಪನ ತೋಳು ಜಗ್ಗುತ್ತಿದ್ದ. ಆ ತಿಂಗಳುಗಳಲ್ಲಿ ಮೊದಲ ಸಲ ಅವಳ ಎದೆಯಲ್ಲಿ ಏನೋ ಸರಿದಾಡಿತು. ಕುತ್ತಿಗೆ ಎತ್ತಿ ಕಾದಳು.

ಮೇಲೆ ಟಪ್ ಎಂದು ಸಣ್ಣ ಸದ್ದು. ಕಿತ್ತಳೆ ಮೂತಿ ಕಳಚಿಕೊಂಡಿತು. ಅದರ ಹಿಂದೆ ಸುರುಳಿಯೂ ಹೊರಬಿತ್ತು, ಬಿಸಿಲಿಗೆ ಮಿಂಚಿತು.

ಬಿಚ್ಚಲಿಲ್ಲ.

ಬೆರಳಿನಂತೆ ಸೆಟೆದುಕೊಂಡೇ ದಾರದ ತುದಿಯಲ್ಲಿ ಗಿರಗಿರ ತಿರುಗಿತು. ರಾಕೆಟ್ಟು ಮಗುಚಿ ಕೆಳಮುಖವಾಯಿತು. "ಬಿಚ್ಚು," ಎಂದಳು ಅವಳು, ಪಿಸುಮಾತಿನಲ್ಲಿ. "ಬಿಚ್ಚೋ." ಗಾಳಿ ಅದನ್ನು ಗೋಡೆಯ ಕಡೆಗೆ ತಳ್ಳುತ್ತಿತ್ತು. ಲೆಕ್ಕ ತಾನಾಗಿಯೇ ಆಯಿತು, ಎಲ್ಲಿ ಬೀಳುತ್ತದೆ ಎಂದು ಎಲ್ಲರಿಗಿಂತ ಮೊದಲು ಅವಳಿಗೆ ತಿಳಿಯಿತು. ಪಿ.ಟಿ. ಮೇಷ್ಟ್ರು ಸೀಟಿ ಊದುತ್ತ ಓಡಿದರು. "ಏಳ್ರೋ! ಎದ್ದು ಓಡ್ರೋ!"

ಚಿಕ್ಕ ಮಕ್ಕಳಿಗೆ ಅರ್ಥವಾಗಲಿಲ್ಲ. ಮೇಲೆ ನೋಡುತ್ತ ಬಾಯಿ ತೆರೆದು ಕೂತೇ ಇದ್ದವು. ರಾಕೆಟ್ಟು ಎರಡು ಮಕ್ಕಳ ನಡುವೆ, ನೆಲದ ಮೇಲಿಟ್ಟಿದ್ದ ಸ್ಟೀಲಿನ ನೀರಿನ ಬಾಟಲಿಗೆ ಬಡಿಯಿತು. ಠಣ್ಣನೆ ಸದ್ದು ಮೈದಾನದ ಈ ತುದಿಗೂ ಕೇಳಿಸಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಂದು ಮಗು ಅಳಲು ಶುರು ಮಾಡಿತು, ಅದರ ಹಿಂದೆ ಎಲ್ಲವೂ. ತಾಯಂದಿರು ಓಡಿ ಬಂದು ಮಕ್ಕಳ ತಲೆ, ಬೆನ್ನು, ಕೈಕಾಲು ತಡವಿದರು. ಯಾರಿಗೂ ಏನೂ ಆಗಿರಲಿಲ್ಲ.

ದೊಡ್ಡ ಮೇಡಂ ಬಾಟಲಿಯನ್ನು ಎತ್ತಿಕೊಂಡರು. ಅದರ ಭುಜ ಒಳಕ್ಕೆ ತಗ್ಗಿತ್ತು. ತಗ್ಗಿನಲ್ಲಿ ಹೆಬ್ಬೆರಳು ಇಟ್ಟು ನೋಡಿದರು. ಹೆಬ್ಬೆರಳು ಪೂರ್ತಿ ಕೂತಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇದು ಬಾಟಲಿ," ಎಂದರು ಅವಳಿಗೆ. ಬಾಟಲಿಯನ್ನು ಕಂಕುಳಿಗೆ ಸೇರಿಸಿ, "ಕೋಣೆಯ ಬೀಗದ ಕೈ ಪಿ.ಟಿ. ಮೇಷ್ಟ್ರಿಗೆ ಕೊಟ್ಬಿಡಿಮ್ಮ," ಎಂದರು.

ಅವಳು ಕೊಟ್ಟಳು. ಪಿ.ಟಿ. ಮೇಷ್ಟ್ರು ಈಸಿಕೊಂಡರು, ಆದರೆ ಎಲ್ಲಿಡಬೇಕೆಂದು ತಿಳಿಯದವರಂತೆ ಅಂಗೈಯಲ್ಲೇ ಹಿಡಿದು ನಿಂತರು. "ಬಿಡಿ ಮೇಡಂ," ಎಂದರು. ಇನ್ನೇನೋ ಹೇಳಹೋಗಿ ಸೀಟಿಯನ್ನು ಬಾಯಿಗಿಟ್ಟುಕೊಂಡರು.

ಜನ ಚದುರಿದರು. ಮೈದಾನದ ನಡುವೆ ಕ್ಲಬ್ಬಿನ ಮಕ್ಕಳು ಮಾತ್ರ ಉಳಿದರು. ಯಾರೂ ಹೇಳದೆಯೇ ರಾಕೆಟ್ಟಿನ ಚೂರುಗಳನ್ನು ತಂದು ನೆಲದ ಮೇಲಿಟ್ಟು ಸುತ್ತ ಕೂತರು. ಕೊಳವೆ ಅಪ್ಪಚ್ಚಿಯಾಗಿತ್ತು. ಎರಡು ಕೆಂಪು ರೆಕ್ಕೆ ಉದುರಿದ್ದವು. ನೀಲಿಯದು ಗಟ್ಟಿಯಾಗಿ ಅಂಟಿಕೊಂಡೇ ಇತ್ತು, ಮೇಲೆ ಸೀಮೆಸುಣ್ಣದ ಗುರುತು.

"ಮಿಸ್, ಬನ್ನಿ," ಎಂದ ಗೋಂದು. "ತಪ್ಪು ಹೇಳಬೇಕು."

ಅವಳು ಹೋಗಿ ಕೂತಳು.

"ನನ್ನ ಕೆಂಪು ರೆಕ್ಕೆ ಸೊಟ್ಟಗಿತ್ತೇನೋ," ಎಂದು ಗೋಂದು ಶುರು ಮಾಡಿದ. ಸೊಟ್ಟಗಿರಲಿಲ್ಲ. "ಅಂಟು ಒಣಗೋಕೆ ಮುಂಚೆ ಮುಟ್ಟಿದ್ದೆ."

"ನಾನು ಚಿಕ್ಕೋರನ್ನ ಆ ಕಡೆ ಕೂರಿಸಬೇಡಿ ಅನ್ನಬೇಕಿತ್ತು," ಎಂದ ರೇಡಿಯೋ. "ಗಾಳಿ ಆ ಕಡೇನೇ ಬೀಸ್ತಿತ್ತು. ನೋಡಿದೆ. ಮಾತಾಡ್ತಾ ಮರೆತೆ." ಅವನ ದನಿ ಇಳಿದಿತ್ತು. ಅಳುತ್ತಿದ್ದ.

ಇನ್‌ಸ್ಪೆಕ್ಟರು ಸುರುಳಿಯನ್ನು ಎತ್ತಿಕೊಂಡಳು. ಬಿದ್ದದ್ದು ಯಾಕೆ ಬಿತ್ತೆಂದು ಬಿಚ್ಚಿ ನೋಡುವುದು ಅವಳ ಕೆಲಸ. ಸುರುಳಿ ಸ್ವಲ್ಪವೂ ಕೆಟ್ಟಿರಲಿಲ್ಲ. ಬೀರುವಿನ ಮೇಲಿದ್ದಂತೆಯೇ ಇತ್ತು. ಹುಡುಗಿ ದಾರದ ತುದಿ ಹುಡುಕಿ ಬಿಚ್ಚತೊಡಗಿದಳು. ಬಲಕ್ಕೆ ತಿರುಗಿಸಲು ಹೋಗಿ ಅವಳ ಬೆರಳುಗಳು ನಿಂತವು. ಸುರುಳಿಯನ್ನು ಕಣ್ಣ ಹತ್ತಿರ ಹಿಡಿದಳು. ದಾರ ಎಡಕ್ಕೆ ಸುತ್ತಿತ್ತು.

ಮೆಲ್ಲಗೆ, ಉಲ್ಟಾ ತಿರುಗಿಸಿ, ದಾರ ಬಿಚ್ಚಿದಳು. ಪ್ಲಾಸ್ಟಿಕ್ಕು ಬಿಚ್ಚಲಿಲ್ಲ. ಉಗುರು ಹಾಕಿ ಒಂದು ಪದರ ಎಬ್ಬಿಸಿದಳು. ಮಡಿಕೆಯ ಗುಂಟ ಅದು ಸರ್ರೆಂದು ಹರಿಯಿತು. ಹಳೆಯ ಪೌಡರು ಬೂದಿಯಂತೆ ಅವಳ ಲಂಗದ ಮೇಲೆ ಉದುರಿತು. ಹುಡುಗಿ ಅದನ್ನು ಕೊಡವಲಿಲ್ಲ. ತಲೆ ಎತ್ತಿ ಎದುರು ಕೂತ ಅವಳನ್ನು ನೋಡಿದಳು.

"ನಿಂದು ಹೇಳೇ," ಎಂದ ಗೋಂದು.

ಪಕ್ಕದವರ ತಪ್ಪು ಹೇಳುವಂತಿಲ್ಲ. ಹುಡುಗಿಗೆ ಅದು ಗೊತ್ತಿತ್ತು. ಬಹಳ ಹೊತ್ತು ಪದಗಳನ್ನು ಹುಡುಕಿದಳು.

"ನಾನು ಮೂತಿ ತೆಗೆದು ನೋಡಲಿಲ್ಲ," ಎಂದಳು ಕೊನೆಗೆ. "ಮಿಸ್ ಮಡಿಸಿದೀನಿ ಅಂದ್ರು. ನಂಬಿದೆ. ಅದು ನನ್ನ ತಪ್ಪು."

ಈಗ ಎಲ್ಲರ ಕಣ್ಣೂ ಅವಳ ಮೇಲೆ. ಕೊನೆಯ ಸರದಿ ಸರ್‌ದು, ಆ ಜಾಗದಲ್ಲಿ ಅವಳು ಕೂತಿದ್ದಳು.

"ನಾನು ಮಡಿಸಲಿಲ್ಲ," ಎಂದಳು. "ಅದು ಸರ್ ಮಡಿಸಿದ್ದು. ಹಾಗೇ ಬಿಟ್ಟೆ. ಸುಳ್ಳು ಹೇಳಿದೆ."

ಮಕ್ಕಳು ಬೆಚ್ಚಲಿಲ್ಲ, ಬೈಯಲಿಲ್ಲ. ಅರ್ಥವಾಗದೆ ನೋಡಿದರು. ರೇಡಿಯೋ ಮೂಗು ಒರೆಸಿಕೊಂಡ. "ಯಾಕೆ ಮಿಸ್? ನಿಮಗೆ ಮಡಿಸಕ್ಕೆ ಬರಲ್ವಾ? ಕೇಳಿದ್ರೆ ನಾವು ಮಡಿಸಿಕೊಡ್ತಿದ್ವಿ."

ಅವಳ ಬಳಿ ಇದ್ದ ಉತ್ತರ ಮಕ್ಕಳಿಗೆ ಹೇಳುವಂಥದ್ದಲ್ಲ. ಯಾರಿಗೂ ಹೇಳುವಂಥದ್ದಲ್ಲ. ಅವನು ಇದ್ದಿದ್ದರೆ, ಅದನ್ನು ಕೇಳಿ ಅವನೇ ಮೊದಲು ಕೋಪಗೊಳ್ಳುತ್ತಿದ್ದ. ಮಕ್ಕಳು ಕೂತ ಮೈದಾನದ ಮೇಲೆ, ಹಳೆ ಮಡಿಕೆ?

ಒಬ್ಬೊಬ್ಬರಾಗಿ ಎದ್ದರು. ಗೋಂದು ರೆಕ್ಕೆಗಳನ್ನು ಜೇಬಿಗೆ ಹಾಕಿಕೊಂಡ, ಯಾವ ರಾಕೆಟ್ಟಿಗೆ ಎಂದು ಅವನಿಗೂ ತಿಳಿಯದು. ಇನ್‌ಸ್ಪೆಕ್ಟರು ಹರಿದ ಪ್ಯಾರಾಚೂಟನ್ನು ದಾರದ ಸಮೇತ ತಂದು ಅವಳ ಅಂಗೈಯಲ್ಲಿಟ್ಟಳು. "ತಗೊಳ್ಳಿ," ಎಂದಳು. ಮಿಸ್ ಎನ್ನಲಿಲ್ಲ. ಹೋಗಿ ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು, ಪೌಡರೆಲ್ಲ ಹೋಗುವವರೆಗೆ ಉಜ್ಜಿ ಉಜ್ಜಿ.

ಅವಳು ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದರು. ಅವರ ಕೆನ್ನೆಗೆ ಧೂಳು ಮೆತ್ತಿತ್ತು. ಇಷ್ಟು ದಿನ ಇಲ್ಲದ ಕಳೆ ಮುಖದಲ್ಲಿತ್ತು.

"ಹಾರಿತಾ?"

"ಹಾರಿತು."

"ಮೇಲೆ ಹೋಯ್ತಾ? ಚೆನ್ನಾಗಿ ಮೇಲಕ್ಕೆ?"

"ಹೂಂ ಅತ್ತೆ. ನೆಟ್ಟಗೆ ಹೋಯ್ತು."

"ನಂಗೊತ್ತು," ಎಂದರು. "ನನ್ನ ಮಗ ಮಾಡಿದ್ದು ಹಾರದೆ ಇರುತ್ತಾ?" ಕಣ್ಣೊರೆಸಿಕೊಂಡರು. "ಇಳೀತಾ ಸರಿಯಾಗಿ? ನನ್ನ ದಾರ ಗಟ್ಟಿ ನಿಲ್ತಾ?"

ದಾರ ಅವಳ ಮುಷ್ಟಿಯಲ್ಲಿತ್ತು. ಒಂದು ಎಳೆಯೂ ತುಂಡಾಗಿರಲಿಲ್ಲ.

"ನಿಲ್ತು," ಎಂದಳು. ಅಷ್ಟು ಮಟ್ಟಿಗೆ ನಿಜವೇ.

ಮಲಗುವ ಕೋಣೆಗೆ ಹೋದಳು. ಸ್ಟೂಲು ಬೀರುವಿನ ಪಕ್ಕದಲ್ಲಿತ್ತು. ತಾನು ಇಟ್ಟ ನೆನಪಾಗಲಿಲ್ಲ. ಹತ್ತಿದಳು. ಆ ಶುಭ್ರ ಬಿಲ್ಲೆಯ ಮೇಲೆ, ಮೂರು ಗೀಟುಗಳ ನಡುವೆ, ಕೈಲಿದ್ದುದನ್ನು ಇಡಬೇಕೆಂದಿತ್ತು. ಬೀರುವಿನ ತಲೆ ಈ ತುದಿಯಿಂದ ಆ ತುದಿಗೆ ಥಳಥಳ ಹೊಳೆಯುತ್ತಿತ್ತು. ಒದ್ದೆ ಇನ್ನೂ ಆರಿರಲಿಲ್ಲ.

"ನೋಡಿದ್ಯಾ?" ಅತ್ತೆ ಹಿಂದೆಯೇ ಬಂದು ಮಂಡಿ ನೀವಿಕೊಳ್ಳುತ್ತ ಹೇಳಿದರು. "ಹೇಗೂ ಅದನ್ನ ತಗೊಂಡು ಹೋದ್ಯಲ್ಲ. ಗಟ್ಟಿ ಮನಸ್ಸು ಮಾಡಿ ಹತ್ತಿಬಿಟ್ಟೆ. ಎಷ್ಟು ಧೂಳು ಅಂತೀಯಾ! ನಾಕು ಸಲ ನೀರು ಬದಲಾಯಿಸಿದೆ."

"ಚೆನ್ನಾಗಾಗಿದೆ ಅತ್ತೆ," ಎಂದಳು ಅವಳು.

ಇಳಿಯದೆ, ಸ್ಟೂಲಿನ ಮೇಲೆ ನಿಂತೇ ಇದ್ದಳು.